ಒಂದೇ ಪಿಯಾನೋ, ಮುಗಿಯದ ಹಿಮ: ‘ಐ ಆ್ಯಮ್ ಸೆಟ್ಸುನಾ’ ಪೂರ್ತಿ ಆಡಿದ ಮೇಲೆ

ಈ ಆಟದ ಬಗ್ಗೆ ಬರೆಯಲೇಬೇಕು ಎನಿಸಿದ್ದು ಅದರ ಪಿಯಾನೋದಿಂದ. ಕಥೆ, ಯುದ್ಧ, ಚಿತ್ರ ಎಲ್ಲ ಆಮೇಲಿನ ಮಾತು. ‘ಐ ಆ್ಯಮ್ ಸೆಟ್ಸುನಾ’ ಎಂಬ ಈ ಜಪಾನಿ ವಿಡಿಯೋ ಗೇಮ್‌ನಲ್ಲಿ ಶುರುವಿನಿಂದ ಕೊನೆಯವರೆಗೆ ಹೆಚ್ಚೂಕಡಿಮೆ ಒಂದೇ ವಾದ್ಯ ಕೇಳುತ್ತದೆ. ಹಳ್ಳಿಗೆ ಹೋದರೂ ಪಿಯಾನೋ, ಗುಹೆಗೆ ಇಳಿದರೂ ಪಿಯಾನೋ, ದೊಡ್ಡ ಮೃಗ ಎದುರಿಗೆ ಬಂದು ನಿಂತಾಗಲೂ ಪಿಯಾನೋನೇ. ಇಂಥ ಆಟಗಳಲ್ಲಿ ಯುದ್ಧ ಅಂದರೆ ಡ್ರಮ್ಮು, ಕಹಳೆ, ಗಿಟಾರ್ ಎಲ್ಲ ಒಟ್ಟಿಗೆ ಮೊಳಗಬೇಕು ಎಂಬ ರೂಢಿ ಇದೆ. ಇಲ್ಲಿ ಆ ಗದ್ದಲ ಇಲ್ಲ. ಕೆಳಗಿನ ಸ್ವರಗಳನ್ನು ಜೋರಾಗಿ ಕುಟ್ಟುತ್ತಾರೆ, ಮೇಲೆ ರಾಗ ಓಡುತ್ತದೆ, ಅಷ್ಟೇ. ಸಂಗೀತ ಮಾಡಿದವರು ತೊಮೊಕಿ ಮಿಯೋಶಿ. ಒಂದು ಇಡೀ ಆಟವನ್ನು ಒಂದೇ ವಾದ್ಯದ ಮೇಲೆ ನಿಲ್ಲಿಸುವುದಕ್ಕೆ ಧೈರ್ಯ ಬೇಕು. ಆ ಧೈರ್ಯಕ್ಕೆ ನಾನು ಮೊದಲ ರಾತ್ರಿಯೇ ಮನಸೋತೆ.

ಆಟ ಹೊರಬಂದದ್ದು 2016ರಲ್ಲಿ. ಮೊದಲು ಜಪಾನಿನಲ್ಲಿ ಪ್ಲೇಸ್ಟೇಷನ್ 4 ಮತ್ತು ವೀಟಾ ಎಂಬ ಗೇಮ್ ಯಂತ್ರಗಳಿಗೆ, ಆಮೇಲೆ ಹೊರಗಿನ ದೇಶಗಳಿಗೆ ಮತ್ತು ಪಿಸಿಗೆ. 2017ರಲ್ಲಿ ನಿಂಟೆಂಡೋ ಸ್ವಿಚ್‌ಗೂ ಬಂತು. ಉಳಿದ ತಾಂತ್ರಿಕ ವಿವರ ಬಿಡುತ್ತೇನೆ. ನಾನು ಆಡಿದ್ದು ಹಳೆಯ ಲ್ಯಾಪ್‌ಟಾಪ್‌ನಲ್ಲಿ, ಸೇಲ್ ಇದ್ದಾಗ ಕೊಂಡು. ಗ್ರಾಫಿಕ್ಸ್ ಕಾರ್ಡ್‌ಗೆ ದುಡ್ಡು ಸುರಿಯಲಾಗದ ನನ್ನಂಥವರಿಗೆ ಇದು ದೊಡ್ಡ ಅನುಕೂಲ. ಒಂದು ಕಂಟ್ರೋಲರ್ ಮಾತ್ರ ಇರಲಿ. ಕೀಬೋರ್ಡ್‌ನಲ್ಲಿ ಆಡಿದರೆ ಮುಂದೆ ಹೇಳುವ ಗುಂಡಿಯ ಸುಖ ಸಿಗುವುದಿಲ್ಲ.

ಕಥೆ ಸರಳ. ಮೃಗಗಳ ಹಾವಳಿ ತಡೆಯಲು ಹತ್ತು ವರ್ಷಕ್ಕೊಮ್ಮೆ ಒಬ್ಬರನ್ನು ದೂರದ ಕೊನೆಯ ನಾಡಿಗೆ ಬಲಿಯಾಗಿ ಕಳಿಸುವ ಪದ್ಧತಿ. ಈ ಸಲ ಹೊರಟವಳು ಸೆಟ್ಸುನಾ. ನಾವು ಆಡುವುದು ಎಂಡಿರ್ ಎಂಬ ಬಾಡಿಗೆ ಕತ್ತಿಯವನಾಗಿ. ಅವಳನ್ನು ಕೊಲ್ಲಲು ದುಡ್ಡು ಪಡೆದು ಬಂದವನು ಕೊನೆಗೆ ಅವಳ ಕಾವಲಿಗೇ ನಿಲ್ಲುತ್ತಾನೆ. ದಾರಿಯಲ್ಲಿ ಹಳೆಯ ನೋವು ಹೊತ್ತ ನಿಡ್ರ್ ಎಂಬ ಹಿರಿಯ ಕತ್ತಿವೀರ, ಕಿರ್ ಎಂಬ ಮಂತ್ರ ಬಲ್ಲ ಹುಡುಗ, ಇನ್ನೂ ಕೆಲವರು ಜೊತೆಯಾಗುತ್ತಾರೆ. ಕಿರ್‌ನ ಜನ ಹೆಚ್ಚು ಕಾಲ ಬದುಕುವವರಲ್ಲ. ಒಬ್ಬೊಬ್ಬರಿಗೂ ಹೀಗೆ ಒಂದೊಂದು ಭಾರ.

ಬಲಿಗೆ ಹೊರಟ ಹುಡುಗಿಯ ಯಾತ್ರೆ ಅಂದ ಕೂಡಲೇ 2001ರ ಫೈನಲ್ ಫ್ಯಾಂಟಸಿ 10 ಎಂಬ ಆಟ ಆಡಿದವರಿಗೆ ಅದರಲ್ಲಿ ಹೀಗೇ ಹೊರಡುವ ಯುನಾ ನೆನಪಾಗುತ್ತಾಳೆ. ನನಗೆ ಅದಕ್ಕಿಂತ ಮೊದಲು ನೆನಪಾದವಳು ನಮ್ಮ ಭಾಗೀರಥಿ. ಕೆರೆಗೆ ನೀರು ಬರಲಿ ಎಂದು ಮನೆಯ ಕಿರಿಸೊಸೆಯನ್ನೇ ಬಲಿ ಕೊಟ್ಟ ಕಥೆಯನ್ನು ಶಾಲೆಯಲ್ಲಿ ಓದಿ ಬೆಳೆದವರು ನಾವು. ಅವಳು ತವರಿಗೆ ಹೋಗುತ್ತಾಳೆ, ಅಪ್ಪ ಅಮ್ಮನ ಮುಂದೆ ನಿಜ ಹೇಳುವುದಿಲ್ಲ, ಗೆಳತಿಯ ಹತ್ತಿರ ಮಾತ್ರ ಬಾಯಿ ಬಿಡುತ್ತಾಳೆ. ಸೆಟ್ಸುನಾ ಕೂಡ ಸಾಯಲು ಹೊರಟಿದ್ದೇನೆ ಎಂದು ದಾರಿಯುದ್ದಕ್ಕೂ ಗೋಳಾಡುವುದಿಲ್ಲ. ಸಿಕ್ಕವರ ಕಷ್ಟ ಕೇಳುತ್ತಾಳೆ, ಕೊಲ್ಲಲು ಬಂದವರನ್ನೂ ಕ್ಷಮಿಸುತ್ತಾಳೆ. ಭಾಗೀರಥಿಯನ್ನು ಯಾರೂ ಕೇಳಿರಲಿಲ್ಲ, ಮನೆಯವರೇ ನಿರ್ಧರಿಸಿದ್ದರು. ಇವಳು ತಾನೇ ಒಪ್ಪಿ ಹೊರಟವಳು. ಆದರೆ ಹದಿನೆಂಟು ವರ್ಷದ ಹುಡುಗಿ ‘ಒಪ್ಪಿದ್ದೇನೆ’ ಎಂದರೆ ಅದು ನಿಜವಾದ ಒಪ್ಪಿಗೆಯಾ? ಬಲಿ ಬೇಡುವ ಊರಿನಲ್ಲಿ ಹುಟ್ಟಿ, ಅದನ್ನೇ ಕೇಳಿ ಬೆಳೆದವಳು ಬೇರೆ ಏನು ಹೇಳಲು ಸಾಧ್ಯ? ಆಟ ಇದಕ್ಕೆ ಉತ್ತರ ಕೊಡುವುದಿಲ್ಲ. ನನ್ನನ್ನು ಕೊನೆಯವರೆಗೂ ಎಳೆದುಕೊಂಡು ಹೋದದ್ದು ಈ ಪ್ರಶ್ನೆಯೇ.

ಈಗ ನನ್ನ ದಿನಚರಿ. ರಾತ್ರಿ ಊಟ ಆಗಿ, ಪಾತ್ರೆ ತೊಳೆದಿಟ್ಟು, ಮನೆಯವರೆಲ್ಲ ಮಲಗಿದ ಮೇಲೆ ಹೆಡ್‌ಫೋನ್ ಹಾಕಿಕೊಂಡು ಕೂರುತ್ತಿದ್ದೆ. ಹೆಚ್ಚು ಹೊತ್ತಲ್ಲ. ಆಟವನ್ನು ಉಳಿಸಿಡುವ ಒಂದು ಸೇವ್ ಪಾಯಿಂಟ್‌ನಿಂದ ಇನ್ನೊಂದಕ್ಕೆ. ಮೊದಲ ಕೆಲಸ ಸುಮ್ನೆ ನಡೆಯುವುದು. ಹಿಮ ತುಂಬಿದ ಜಾಗದಲ್ಲಿ ನಡೆದರೆ ಹಿಂದೆ ಕಾಲಿನ ಜಾಡು ಬೀಳುತ್ತದೆ. ಜೊತೆಗಾರರೂ ಹಿಂದೆ ಬರುವುದರಿಂದ ಆ ಜಾಡು ಅಗಲವಾಗುತ್ತದೆ. ಇದರಿಂದ ಆಟಕ್ಕೆ ಯಾವ ಲಾಭವೂ ಇಲ್ಲ. ಆದರೂ ಯಾರೂ ತುಳಿಯದ ಮೂಲೆ ಹುಡುಕಿ, ಅಲ್ಲಿ ಒಂದು ಸುತ್ತು ಹಾಕಿಯೇ ನಾನು ಮುಂದೆ ಹೋಗುತ್ತಿದ್ದೆ.

ಆಮೇಲೆ ಅಡುಗೆ ಸಾಮಾನು. ಅಲ್ಲಲ್ಲಿ ಮಿನುಗುವ ಜಾಗ ಇರುತ್ತದೆ, ಹತ್ತಿರ ಹೋದರೆ ಏನಾದರೂ ಸಿಗುತ್ತದೆ. ಊರಿನಲ್ಲಿ ಅಡುಗೆ ಬಲ್ಲವರ ಹತ್ತಿರ ಹೋದರೆ ಅದರಿಂದ ತಿನಿಸು ಮಾಡಿಕೊಡುತ್ತಾರೆ, ಯುದ್ಧಕ್ಕೆ ಮುಂಚೆ ತಿಂದರೆ ಸ್ವಲ್ಪ ಬಲ. ನಿಜ ಹೇಳಬೇಕೆಂದರೆ ಆ ಬಲ ಇಲ್ಲದೆಯೂ ಆಟ ಮುಗಿಸಬಹುದು. ಆದರೆ ಇಷ್ಟೊಂದು ಚಳಿ ಮತ್ತು ದುಃಖದ ನಡುವೆ ಯಾರೋ ಬಿಸಿ ಊಟ ಕೊಡುತ್ತಾರೆ ಅಂದರೆ ಹೋಗದೆ ಇರಲು ಮನಸ್ಸು ಬರುತ್ತಾ? ನಾನು ಒಂದು ಊರನ್ನೂ ಬಿಡಲಿಲ್ಲ.

ಯುದ್ಧದ ಬಗ್ಗೆ. ಇದು 1995ರ ಕ್ರೋನೋ ಟ್ರಿಗರ್ ಎಂಬ ಜಪಾನಿ ಆಟದಿಂದ ನೇರವಾಗಿ ಬಂದದ್ದು. ವೈರಿಗಳು ಕಣ್ಣಿಗೆ ಕಾಣುವ ಹಾಗೆ ದಾರಿಯಲ್ಲೇ ನಿಂತಿರುತ್ತಾರೆ, ಹೊಡೆದಾಟವೂ ಅಲ್ಲೇ. ಮೂವರ ತಂಡ. ಪರದೆಯ ಮೇಲೆ ಒಬ್ಬೊಬ್ಬರಿಗೂ ಕಾಲ ತೋರಿಸುವ ಒಂದು ಪಟ್ಟಿ ಇರುತ್ತದೆ, ಅದು ತಾನಾಗಿ ತುಂಬಿದ ಮೇಲೆ ಅವರ ಸರದಿ. ಇಬ್ಬರು ಸೇರಿ ಹೊಡೆಯುವ ಏಟುಗಳೂ ಇವೆ. ಎಕ್ಸ್-ಸ್ಟ್ರೈಕ್, ಸೈಕ್ಲೋನ್‌ನಂಥ ಹೆಸರುಗಳನ್ನೂ ಹಾಗೆಯೇ ಇಟ್ಟುಕೊಂಡಿದ್ದಾರೆ. ಹಳೆಯ ಆಟಗಾರರಿಗೆ ಆ ಹೆಸರು ಕಂಡರೇ ಖುಷಿ.

ಇದರ ಮೇಲೆ ಅವರು ಸೇರಿಸಿದ ಹೊಸದೊಂದು ನನಗೆ ತುಂಬಾ ಹಿಡಿಸಿತು. ಅದರ ಹೆಸರು ಮೊಮೆಂಟಮ್. ಪಟ್ಟಿ ತುಂಬಿದರೂ ಏಟು ಹಾಕದೆ ಕಾಯುತ್ತಾ ನಿಂತರೆ ಇನ್ನೊಂದು ಶಕ್ತಿ ನಿಧಾನವಾಗಿ ಕೂಡುತ್ತದೆ. ಆಮೇಲೆ ಏಟು ಬೀಳುವ ಹೊತ್ತಿಗೆ ಸರಿಯಾಗಿ ಒಂದು ಗುಂಡಿ ಒತ್ತಿದರೆ ಏಟಿನ ಜೊತೆ ಹೆಚ್ಚಿನ ಪರಿಣಾಮ. ವೈರಿ ಹೊಡೆಯುತ್ತಿದ್ದಾನೆ, ನಾವು ಪೂರ್ತಿ ಸಿದ್ಧ, ಆದರೂ ಕೈ ತಡೆದು ನಿಲ್ಲಬೇಕು. ತಪ್ಪಿಸಿಕೊಳ್ಳಲಾಗದ ಸಾವಿನ ಕಡೆಗೆ ನಿಧಾನವಾಗಿ ನಡೆಯುವ ಕಥೆಗೆ ಈ ಕಾಯುವ ಯುದ್ಧ ಎಷ್ಟು ಚೆನ್ನಾಗಿ ಹೊಂದುತ್ತದೆ ಅಂದರೆ, ಎರಡನ್ನೂ ಒಬ್ಬರೇ ಕೂತು ಯೋಚಿಸಿರಬೇಕು ಅನಿಸುತ್ತದೆ.

ಇಲ್ಲಿಯವರೆಗೆ ಹೊಗಳಿದೆ. ಅರ್ಧ ದಾಟಿದ ಮೇಲೆ ನನಗೆ ಬೇಜಾರು ಶುರುವಾಯಿತು. ಅದನ್ನೂ ಅಷ್ಟೇ ಸ್ಪಷ್ಟವಾಗಿ ಹೇಳುತ್ತೇನೆ.

ಮೊದಲನೆಯದು ಮನೆಗಳು. ಹೊರಗಿನಿಂದ ನೋಡಿದರೆ ಒಂದೊಂದು ಊರಿಗೂ ಒಂದೊಂದು ಸಂಕಟ, ಒಂದೊಂದು ಚರಿತ್ರೆ. ಬಾಗಿಲು ದಾಟಿ ಒಳಗೆ ಹೋದರೆ ಮತ್ತೆ ಅದೇ ಕೋಣೆ, ಅದೇ ಸಾಮಾನು, ಅದೇ ಜಾಗದಲ್ಲಿ. ಬಡವನ ಮನೆಯೂ ಹಾಗೇ, ಊರಿನ ಹಿರಿಯನ ಮನೆಯೂ ಹಾಗೇ. ಸಣ್ಣ ತಂಡ, ಸಣ್ಣ ಬಜೆಟ್ ಎಂದು ಗೊತ್ತು. ಆದರೆ ಈ ಆಟ ಕೇಳುವುದೇ ‘ಯಾರಿಗಾಗಿ ಈ ಹುಡುಗಿ ಸಾಯುತ್ತಿದ್ದಾಳೆ’ ಎಂದು. ಆ ‘ಯಾರು’ ಎಂಬುದು ಅವರ ಮನೆಯೊಳಗೆ ಕಾಣಬೇಕಿತ್ತು. ಗೋಡೆಗೆ ಒಂದು ಮಗುವಿನ ಅಂಗಿ, ಮೂಲೆಯಲ್ಲಿ ಮುರಿದ ಬಲೆ, ಇಷ್ಟು ಇಟ್ಟಿದ್ದರೂ ಸಾಕಿತ್ತು. ಈ ಆಟದ ಬಗ್ಗೆ ನನಗೆ ಇರುವ ದೊಡ್ಡ ಕೊರಗು ಇದೇ.

ಮೃಗಗಳೂ ಹಾಗೆಯೇ. ಪೆಂಗ್ವಿನ್‌ಗಳು ಮೊದಲು ಮುದ್ದು ಅನಿಸುತ್ತವೆ. ಬಣ್ಣ ಬದಲಿಸಿಕೊಂಡು ಮತ್ತೆ ಮತ್ತೆ ಬಂದಾಗ ಆ ಮುದ್ದು ಉಳಿಯುವುದಿಲ್ಲ.

ಸ್ಪ್ರಿಟ್‌ನೈಟ್ ಎಂಬ ಕಲ್ಲುಗಳ ವಿಷಯ ಇನ್ನೂ ಕಿರಿಕಿರಿ. ಯುದ್ಧದ ವಿದ್ಯೆಗಳೆಲ್ಲ ಈ ಕಲ್ಲುಗಳಲ್ಲಿ ಇರುತ್ತವೆ. ಕಲ್ಲು ಬೇಕಾದರೆ ಮೃಗಗಳಿಂದ ಸಿಕ್ಕ ವಸ್ತುಗಳನ್ನು ಮಾರಬೇಕು. ಯಾವ ವಸ್ತು ಸಿಗುತ್ತದೆ ಎಂಬುದು ಮೃಗವನ್ನು ಹೇಗೆ ಕೊಂದಿರಿ ಎಂಬುದರ ಮೇಲೆ. ಬೆಂಕಿಯಿಂದ ಕೊಂದರೆ ಒಂದು, ಉಳಿದಿದ್ದ ಜೀವಕ್ಕೆ ಸರಿಸಮ ಏಟು ಬಿದ್ದರೆ ಇನ್ನೊಂದು, ಅಗತ್ಯಕ್ಕಿಂತ ಜಾಸ್ತಿ ಬಿದ್ದರೆ ಮತ್ತೊಂದು. ಯೋಚನೆ ಚೆನ್ನಾಗಿದೆ, ವಿವರಿಸಿದ್ದು ಚೆನ್ನಾಗಿಲ್ಲ. ಫ್ಲಕ್ಸ್, ಸಿಂಗ್ಯುಲಾರಿಟಿ ಎಂದು ಇನ್ನೂ ಹೆಸರುಗಳು ಬರುತ್ತವೆ, ಅವನ್ನು ಹೇಳಿಕೊಡುವ ಪಾಠಗಳು ಒಂದೆರಡು ಸಾಲಿನಲ್ಲಿ ಮುಗಿಯುತ್ತವೆ. ಇಷ್ಟು ಸರಳ ಕಥೆಯ ಪಕ್ಕದಲ್ಲಿ ಇಷ್ಟು ತೊಡಕಿನ ಲೆಕ್ಕ ಯಾಕೆ ಬೇಕಿತ್ತು? ಎಂಡಿರ್‌ಗೆ ನಾವು ಆರಿಸುವ ಉತ್ತರಗಳೂ ಕಥೆಯನ್ನು ಹೆಚ್ಚೇನೂ ಬದಲಿಸುವುದಿಲ್ಲ. ಅದನ್ನಾದರೂ ಬೆಳೆಸಬಹುದಿತ್ತು.

ಇನ್ನು ನೆನಪಿನ ಮಾತು. ಈ ಆಟವನ್ನು ಮಾರಿದ್ದೇ ಹಳೆಯ ಕಾಲದ ಜಪಾನಿ ಆರ್‌ಪಿಜಿಗಳ, ಅಂದರೆ ಒಂದು ಪಾತ್ರವಾಗಿ ಆಡುವ ಉದ್ದ ಕಥೆಯ ಆಟಗಳ, ನೆನಪಿನ ಮೇಲೆ. ಜಪಾನಿನ ಗೇಮ್ ಕಂಪನಿ ಸ್ಕ್ವೇರ್ ಎನಿಕ್ಸ್ ಇದಕ್ಕಾಗಿ ಟೋಕಿಯೋ ಆರ್‌ಪಿಜಿ ಫ್ಯಾಕ್ಟರಿ ಎಂಬ ಬೇರೆ ಸ್ಟುಡಿಯೋವನ್ನೇ ಕಟ್ಟಿತು. ಆದರೆ ಆ ನೆನಪು ನಮ್ಮಲ್ಲಿ ಎಷ್ಟು ಮಂದಿಗೆ ಇದೆ? 1995ರಲ್ಲಿ ನಮ್ಮ ಕಡೆ ಕ್ರೋನೋ ಟ್ರಿಗರ್ ಓಡುತ್ತಿದ್ದ ಸೂಪರ್ ಫ್ಯಾಮಿಕಾಮ್ ಯಂತ್ರ ನೋಡಿದವರು ಸಿಗುವುದು ಕಷ್ಟ. ನಮಗಿದ್ದದ್ದು ಟಿವಿಗೆ ಸಿಕ್ಕಿಸುವ, ಕ್ಯಾಸೆಟ್ ಹಾಕುವ ವಿಡಿಯೋ ಗೇಮ್. ಅದರಲ್ಲಿ ಮಾರಿಯೋ ಇತ್ತು, ಕಾಂಟ್ರಾ ಇತ್ತು, ಇಂಥ ಉದ್ದ ಕಥೆಯ ಆಟ ಇರಲಿಲ್ಲ. ಕ್ರೋನೋ ಟ್ರಿಗರ್ ನನಗೆ ಸಿಕ್ಕಿದ್ದು ಎಷ್ಟೋ ವರ್ಷದ ನಂತರ, ಕಂಪ್ಯೂಟರ್‌ನಲ್ಲಿ. ಹಾಗಾಗಿ ಈ ಆಟ ತಟ್ಟುವ ಬಾಲ್ಯ ನನ್ನದಲ್ಲ. ಆದರೂ ಆ ಪಿಯಾನೋ ಶುರುವಾದರೆ ಏನನ್ನೋ ಕಳೆದುಕೊಂಡ ಭಾವ ಬರುತ್ತದೆ. ಆಡದ ಆಟದ ನೆನಪನ್ನೂ ಒಂದು ಆಟ ಕೊಡಬಲ್ಲದು ಎಂದು ನನಗೆ ಗೊತ್ತಿರಲಿಲ್ಲ.

ಕ್ರೋನೋ ಟ್ರಿಗರ್ ಆಡಿದವರು ಒಂದನ್ನು ಗಮನಿಸಬೇಕು. ಅದು ಬಣ್ಣದ ಆಟ. ಜಾತ್ರೆಯಿಂದ ಶುರುವಾಗಿ ಡೈನೋಸಾರ್ ಕಾಲ, ಹಾಳುಬಿದ್ದ ಭವಿಷ್ಯ, ಎಲ್ಲ ಕಡೆ ಓಡಾಡಿಸುತ್ತದೆ. ಅದರಲ್ಲಿ ಕ್ರಿಸ್ತಪೂರ್ವ 12000ದ ಕಾಲ ಒಂದಿದೆ. ಮೋಡದ ಮೇಲೆ ಜೀಲ್ ಎಂಬ ಸಿರಿವಂತ ರಾಜ್ಯ, ಕೆಳಗೆ ಬರೀ ಹಿಮ, ಆ ಹಿಮದಲ್ಲಿ ಬಡವರು. ಸೆಟ್ಸುನಾ ಆ ಕೆಳಗಿನ ಹಿಮವನ್ನು ಮಾತ್ರ ತೆಗೆದುಕೊಂಡು ಇಡೀ ಲೋಕ ಮಾಡಿದೆ. ಹಳೆಯ ಆಟದ ಯುದ್ಧ ಬಂತು, ವಿರಹದ ಸ್ವರ ಬಂತು, ಅದರ ನಗು ಬರಲಿಲ್ಲ. ನಗು ಇದ್ದಿದ್ದರೆ ಈ ದುಃಖ ಇನ್ನೂ ಆಳಕ್ಕೆ ಇಳಿಯುತ್ತಿತ್ತು ಎಂದು ನಾನು ಗಟ್ಟಿಯಾಗಿ ನಂಬುತ್ತೇನೆ.

ಇಷ್ಟೆಲ್ಲ ಬೇಜಾರಿನ ನಡುವೆ ನಾನು ಆಟ ಬಿಟ್ಟುಬಿಟ್ಟೆ. ಬೇಸಿಗೆ ಪೂರ್ತಿ ಮುಟ್ಟಲಿಲ್ಲ. ಮಳೆ ಹಿಡಿದು ಹೊರಗೆ ಹೋಗಲಾಗದ ದಿನಗಳಲ್ಲಿ ಮತ್ತೆ ತೆಗೆದೆ. ಆಗ ಗೊತ್ತಾಯಿತು, ಭಾನುವಾರ ಮಧ್ಯಾಹ್ನ ಪೂರ್ತಿ ಕೂತು ಆಡುವ ಆಟ ಇದಲ್ಲ. ಉದ್ದಕ್ಕೆ ಆಡಿದರೆ ಹಿಮವೂ ಪಿಯಾನೋವೂ ಒಂದೇ ರೀತಿ ಅನಿಸಿ ಮಂಕು ಹಿಡಿಯುತ್ತದೆ. ದಿನಕ್ಕೊಂದು ಊರು, ಒಂದು ಗುಹೆ ಎಂದು ಇಟ್ಟುಕೊಂಡರೆ ಪ್ರತಿ ರಾಗವೂ ಬೇರೆಯಾಗಿ ಕೇಳುತ್ತದೆ. ಬೇರೆ ವಾದ್ಯ ಇಲ್ಲದಿರುವುದರಿಂದಲೇ ಸಣ್ಣ ಬದಲಾವಣೆಗೂ ಕಿವಿ ನಿಮಿರುತ್ತದೆ. ಒಂದು ಹಳ್ಳಿಯಲ್ಲಿ ಕೇಳಿದ ಸಾಲು ಕಥೆಯ ನೋವಿನ ಜಾಗದಲ್ಲಿ ನಿಧಾನವಾಗಿ ಬಂದಾಗ ನಾನು ಕಂಟ್ರೋಲರ್ ಕೆಳಗಿಟ್ಟು ಕೇಳಿದ್ದೇನೆ. ಹಾಗೆ ಆಡಿದ ದ್ವಿತೀಯಾರ್ಧ ಮೊದಲರ್ಧಕ್ಕಿಂತ ಚೆನ್ನಾಗಿತ್ತು. ಅಂತ್ಯದ ಬಗ್ಗೆ ಏನೂ ಹೇಳುವುದಿಲ್ಲ. ಸಮಾಧಾನ ಮಾಡಲು ಅದು ಪ್ರಯತ್ನಿಸುವುದಿಲ್ಲ ಎಂಬುದಷ್ಟೇ ನನ್ನ ಮಾತು, ಮತ್ತು ಅದು ಸರಿಯಾಗಿಯೇ ಇದೆ.

ಯಾರು ಕೊಳ್ಳಬೇಕು? ಆಟ ಅಂದರೆ ದೊಡ್ಡ ಲೋಕ, ನೂರಾರು ಅಡ್ಡ ಕೆಲಸ ಬೇಕು ಎನ್ನುವವರು ಬೇಡ. ಇಪ್ಪತ್ತು ಇಪ್ಪತ್ತೈದು ಗಂಟೆಯಲ್ಲಿ ಮುಗಿಯುತ್ತದೆ, ಪೂರ್ತಿ ಬೆಲೆ ಕೊಟ್ಟರೆ ಅದೇ ಅದೇ ಮನೆಗಳು ಚುಚ್ಚುತ್ತವೆ. ಸೇಲ್‌ನಲ್ಲಿ ಬಂದರೆ ಕಣ್ಣು ಮುಚ್ಚಿ ತೆಗೆದುಕೊಳ್ಳಿ. ಇಂಥ ಯುದ್ಧ ಹೊಸದಾದರೆ ಶುರುವಿನಲ್ಲೇ ಸೆಟ್ಟಿಂಗ್ಸ್‌ಗೆ ಹೋಗಿ, ನಾವು ಏಟು ಆರಿಸುವಾಗ ಯುದ್ಧ ನಿಂತು ಕಾಯುವ ವೇಟ್ ಮೋಡ್ ಹಾಕಿಕೊಳ್ಳಿ. ಇಂಗ್ಲಿಷ್ ಓದಬೇಕಾಗುತ್ತದೆ, ಆದರೆ ಭಾಷೆ ಸುಲಭ. ಮನೆಯಲ್ಲಿ ಹೈಸ್ಕೂಲು ಮಕ್ಕಳಿದ್ದರೆ ಅವರೂ ಓದಿಕೊಂಡು ಆಡಬಹುದು.

ಇದೇ ತಂಡ ಆಮೇಲೆ ಲಾಸ್ಟ್ ಸ್ಫಿಯರ್ ಮತ್ತು 2019ರಲ್ಲಿ ಓನಿನಾಕಿ ಮಾಡಿತು. 2024ರಲ್ಲಿ ಆ ಸ್ಟುಡಿಯೋವನ್ನು ಸ್ಕ್ವೇರ್ ಎನಿಕ್ಸ್ ತನ್ನೊಳಗೇ ಸೇರಿಸಿಕೊಂಡಿತು. ಆ ಹೆಸರಿನಲ್ಲಿ ಇನ್ನು ಹೊಸ ಆಟ ಬರುವುದಿಲ್ಲ ಎಂಬುದು ನನಗೆ ನಿಜವಾಗಿಯೂ ಬೇಸರದ ಸಂಗತಿ. ಕುಂದು ಇದ್ದರೂ ಹೀಗೆ ಒಂದೇ ಭಾವಕ್ಕೆ ಅಂಟಿಕೊಂಡು ಆಟ ಮಾಡುವವರು ಕಡಿಮೆ. ಮುಂದಿನ ಸೇಲ್‌ಗೆ ಲಾಸ್ಟ್ ಸ್ಫಿಯರ್ ಕೊಳ್ಳುವುದು ಎಂದು ಈಗಲೇ ತೀರ್ಮಾನಿಸಿದ್ದೇನೆ.