ಫೋರ್ಟಿಫ್ಲೋರಾ: ಕರಿಯನ ಹೊಟ್ಟೆಗಿಂತ ಮೊದಲು ಮೂಗಿಗೆ ಹಿಡಿಸಿದ ಪುಡಿ

ಪ್ಯೂರಿನಾ ಕಂಪನಿಯ ಫೋರ್ಟಿಫ್ಲೋರಾ ಅಂದರೆ ನಾಯಿಗಳಿಗೆ ಕೊಡುವ ಪ್ರೋಬಯೋಟಿಕ್ ಪುಡಿ, ಅಂದರೆ ಹೊಟ್ಟೆಗೆ ಒಳ್ಳೆಯದು ಮಾಡುವ ಬ್ಯಾಕ್ಟೀರಿಯಾ ಇರುವ ಪುಡಿ. 1 ಗ್ರಾಂನ ಪುಟ್ಟ ಸ್ಯಾಶೆ, ದಿನಕ್ಕೊಂದು. ನಮ್ಮ ನಾಯಿ ಕರಿಯ ಯಾರದ್ದೋ ಮದುವೆ ಛತ್ರದ ಹಿಂದೆ ಎಲೆ ನೆಕ್ಕಿ ಬಂದು ಹೊಟ್ಟೆ ಕೆಡಿಸಿಕೊಂಡಿದ್ದ. ಡಾಕ್ಟರ್ ಕೊಟ್ಟ ಆಂಟಿಬಯೋಟಿಕ್ ಮೆಟ್ರೊನಿಡಜೋಲ್‌ನಿಂದ ಭೇದಿ ಹತೋಟಿಗೆ ಬಂತು. ಆದರೆ ಕಕ್ಕ ಗಟ್ಟಿಯಾಗಲಿಲ್ಲ, ಊಟ ಕಂಡರೆ ಮುಖ ತಿರುಗಿಸುತ್ತಿದ್ದ. ಆಗ ಬರೆದುಕೊಟ್ಟಿದ್ದು ಈ ಪುಡಿ.

ಹೊಟ್ಟೆ ನಿಧಾನಕ್ಕೆ ಸರಿಹೋಯಿತು. ಪುಡಿಯಿಂದಲೇ ಅಂತ ಖಡಾಖಂಡಿತವಾಗಿ ಹೇಳಲಾರೆ, ಇಂಥ ಭೇದಿ ಎಷ್ಟೋ ಸಲ ತಾನಾಗೇ ನಿಲ್ಲುತ್ತದೆ. ಹಸಿವಿನ ವಿಷಯದಲ್ಲಿ ಮಾತ್ರ ಅನುಮಾನವಿಲ್ಲ. ಮೊದಲ ರಾತ್ರಿಯೇ ತಟ್ಟೆ ತೊಳೆದಿಟ್ಟಂತೆ ನೆಕ್ಕಿದ. ರುಚಿಗೆ ಮಾಂಸದ ಅಂಶ ಸೇರಿಸಿರುತ್ತಾರೆ, ಗುಟ್ಟು ಅಲ್ಲಿದೆ. ಸಸ್ಯಾಹಾರಿ ಮನೆಯವರಿಗೆ ಇದು ಮೊದಲೇ ಗೊತ್ತಿರಲಿ. ನಮ್ಮತ್ತೆ ಒಮ್ಮೆ ಮೂಸಿ ನೋಡಿದ್ದೇ ತಡ, ಡಬ್ಬ ಅಡುಗೆಮನೆಯಿಂದ ವರಾಂಡಕ್ಕೆ ವರ್ಗವಾಯಿತು.

‘ಮೊಸರನ್ನ ಹಾಕಿದ್ರೆ ಸಾಲದೇನೇ?’ ಅಂತಲೂ ಕೇಳಿದರು. ನ್ಯಾಯವಾದ ಪ್ರಶ್ನೆಯೇ. ಆದರೆ ಮನೆ ಮೊಸರಿನಲ್ಲಿ ಯಾವ ಬ್ಯಾಕ್ಟೀರಿಯಾ ಎಷ್ಟಿದೆ ಅಂತ ಲೆಕ್ಕ ಸಿಗುವುದಿಲ್ಲ. ಭೇದಿಯಾದ ಕೆಲವು ನಾಯಿಗಳಿಗೆ ಹಾಲು ಮೊಸರಿನಲ್ಲಿರುವ ಲ್ಯಾಕ್ಟೋಸ್ ಅನ್ನುವ ಸಕ್ಕರೆ ಆಗಿಬರುವುದೂ ಇಲ್ಲ. ಸ್ಯಾಶೆಯಲ್ಲಿರುವುದು ಎಂಟರೋಕಾಕಸ್ ಫೇಸಿಯಮ್ ಎಸ್‌ಎಫ್68 ಅನ್ನುವ ಒಂದೇ ತಳಿ. ಅದು ಜೀವಂತ ಬ್ಯಾಕ್ಟೀರಿಯಾ, ಹಾಗಾಗಿ ಹಬೆಯಾಡುವ ಅನ್ನದ ಮೇಲೆ ಉದುರಿಸಬೇಡಿ. ಆರಿದ ಮೇಲೆ ಹಾಕಿ. ಆಂಟಿಬಯೋಟಿಕ್ ನಡೆಯುತ್ತಿದ್ದರೆ ನಡುವೆ ಒಂದೆರಡು ಗಂಟೆ ಬಿಡಿ ಅಂದಿದ್ದರು ಡಾಕ್ಟರ್.

ಬೆಲೆ ಜಾಸ್ತಿಯೇ. ಪೊಮೇರಿಯನ್‌ಗೂ ಒಂದೇ ಸ್ಯಾಶೆ, ಲ್ಯಾಬ್ರಡಾರ್‌ಗೂ ಒಂದೇ. ಚಿಕ್ಕ ನಾಯಿ ಸಾಕಿದವರಿಗೆ ಸ್ವಲ್ಪ ಹೊಟ್ಟೆ ಉರಿಯಬಹುದು! ಚೆನ್ನಾಗಿ ತಿಂದುಂಡುಕೊಂಡಿರುವ ನಾಯಿಗೆ ವರ್ಷವಿಡೀ ಸುಮ್ನೆ ಹಾಕುವುದಕ್ಕೆ ನಾನಂತೂ ದುಡ್ಡು ಕೊಡಲಾರೆ. ಹೊಟ್ಟೆ ಕೆಟ್ಟಾಗ, ಊಟ ಬಿಟ್ಟಾಗ ಮತ್ತೆ ತರುತ್ತೇನೆ.

ಅಂಗಡಿಯವರು ಜೀರ್ಣಕ್ಕೆ ಎಂಜೈಮ್ ಪುಡಿಯನ್ನೂ ತಗೊಳ್ಳಿ ಅಂದರು. ಬೇಡ ಅಂದೆ. ಅದು ಮುಖ್ಯವಾಗಿ ಬೇಕಾಗುವುದು ಮೇದೋಜೀರಕ ಗ್ರಂಥಿ ಕೈಕೊಟ್ಟ ನಾಯಿಗೆ. ಜರ್ಮನ್ ಶೆಫರ್ಡ್‌ಗಳಲ್ಲಿ ಆ ಕಾಯಿಲೆ ಜಾಸ್ತಿ, ರಕ್ತ ಪರೀಕ್ಷೆಯಲ್ಲಿ ಗೊತ್ತಾಗುತ್ತದೆ.

ಮರಿ ನಾಯಿ ವಾಂತಿ ಮಾಡಿಕೊಂಡು ರಕ್ತಭೇದಿ ಆಗುತ್ತಿದ್ದರೆ ಪುಡಿ ಹುಡುಕುತ್ತಾ ಕೂರಬೇಡಿ, ಪಾರ್ವೋ ಅನ್ನುವ ಜೀವಕ್ಕೇ ಅಪಾಯದ ವೈರಸ್ ಕಾಯಿಲೆ ಇರಬಹುದು, ಕೂಡಲೇ ಡಾಕ್ಟರ್ ಹತ್ತಿರ ಓಡಿ. ಅಗ್ಗ ಅಂತ ಮನುಷ್ಯರ ಪ್ರೋಬಯೋಟಿಕ್ ಕೊಡುವವರು ಲೇಬಲ್‌ನಲ್ಲಿ ಕ್ಸೈಲಿಟಾಲ್ ಇದೆಯಾ ನೋಡಿ. ನಮಗೆ ಬರೀ ಸಿಹಿ, ನಾಯಿಗೆ ವಿಷ.