‘ಸೈಕೋ-ಪಾಸ್’: ಮಸಿಗೂ ಅಂಕೆಯಿರುವ ಪತ್ತೇದಾರಿ ಲೋಕ

ಅಪರಾಧಿಗಳ ಬೆನ್ನುಹತ್ತಿದ ಪತ್ತೇದಾರನಿಗೂ ಕೊನೆಗೆ ಆ ಲೋಕದ ಮಸಿ ಮೆತ್ತಿಕೊಳ್ಳುತ್ತದೆ ಎಂಬುದು ನ್ವಾರ್ ಎಂಬ ಕರಾಳ ಅಪರಾಧ ಕಥೆಗಳ ಹಳೆಯ ಮಾತು. ‘ಸೈಕೋ-ಪಾಸ್’ ಎಂಬ ಜಪಾನಿ ಅನಿಮೇಷನ್ ಸರಣಿಯಲ್ಲಿ ಅದು ಬರಿಯ ಮಾತಲ್ಲ. ಆ ಮಸಿಯನ್ನು ಯಂತ್ರವೊಂದು ಅಳೆದು ಅಂಕೆ ಕೊಡುತ್ತದೆ.

ಪ್ರೊಡಕ್ಷನ್ ಐ.ಜಿ. ಸ್ಟುಡಿಯೊ ತಯಾರಿಸಿ, 2012ರ ಅಕ್ಟೋಬರ್‌ನಿಂದ 2013ರ ಮಾರ್ಚ್‌ವರೆಗೆ ಫ್ಯೂಜಿ ಟಿವಿಯಲ್ಲಿ ಪ್ರಸಾರವಾದ ಮೊದಲ ಸರಣಿಯಲ್ಲಿ 22 ಕಂತುಗಳಿವೆ. ಕಥೆ ನಡೆಯುವುದು 2112ರ ಟೋಕಿಯೊದಲ್ಲಿ. ‘ಸಿಬಿಲ್’ ಎಂಬ ವ್ಯವಸ್ಥೆ ಪ್ರತಿಯೊಬ್ಬರ ಮನಸ್ಸನ್ನೂ ಅಳೆದು ಅಪರಾಧ ಸೂಚ್ಯಂಕವನ್ನು ಗೊತ್ತುಮಾಡುತ್ತದೆ. ಪೊಲೀಸರ ‘ಡಾಮಿನೇಟರ್’ ಬಂದೂಕು ಅದನ್ನು ಓದಿ, 100ಕ್ಕಿಂತ ಕಡಿಮೆಯಿದ್ದರೆ ಟ್ರಿಗರ್ ಒತ್ತಲು ಬಿಡುವುದಿಲ್ಲ, 100 ತಲುಪಿದರೆ ಎದುರಿನವನನ್ನು ನಿಶ್ಚೇಷ್ಟಗೊಳಿಸುತ್ತದೆ, 300 ತಲುಪಿದರೆ ಕೊಲ್ಲುತ್ತದೆ.

ಕಥೆಗಾರ ಗೆನ್ ಉರೊಬುಚಿಯ ಜಾಣ್ಮೆಯಿರುವುದು ಈ ನಿಯಮದ ಪರಿಣಾಮಗಳನ್ನು ಬಿಡದೆ ಹಿಂಬಾಲಿಸುವುದರಲ್ಲಿ. ಅಪರಾಧಿಯಂತೆ ಯೋಚಿಸಬಲ್ಲವನೇ ಒಳ್ಳೆಯ ಪತ್ತೇದಾರ. ಆದರೆ ಹಾಗೆ ಯೋಚಿಸಿದವನ ಸೂಚ್ಯಂಕವೂ ಏರುತ್ತದೆ. ಸಿಬಿಲ್ ಬರುವ ಮೊದಲೇ ಇಲಾಖೆಯಲ್ಲಿದ್ದ ಮುದುಕ ಮಸಾವೊಕ, ಇನ್‌ಸ್ಪೆಕ್ಟರ್ ಹುದ್ದೆಯಿಂದ ಕೆಳಗಿಳಿದ ಕೊಗಾಮಿ, ಇಬ್ಬರೂ ಹೀಗೆಯೇ ಅಪರಾಧ ಮಾಡದಿದ್ದರೂ ಸೂಚ್ಯಂಕ ಏರಿ ‘ಸುಪ್ತ ಅಪರಾಧಿ’ಗಳೆನಿಸಿಕೊಂಡು, ಸರಪಳಿ ಕಟ್ಟಿದ ಬೇಟೆನಾಯಿಗಳಂತೆ ದುಡಿಯುತ್ತಾರೆ. ಕೆಲಸಕ್ಕೆ ಸೇರಿದ ಮೊದಲ ರಾತ್ರಿಯೇ ಹೊಸ ಇನ್‌ಸ್ಪೆಕ್ಟರ್ ಅಕಾನೆ ತ್ಸುನೆಮೊರಿ, ದೌರ್ಜನ್ಯಕ್ಕೆ ಸಿಕ್ಕಿದ ಆಘಾತದಿಂದಲೇ ಸೂಚ್ಯಂಕ ಏರಿದ ಹೆಣ್ಣೊಬ್ಬಳನ್ನು ಉಳಿಸಲು, ಆಕೆಯತ್ತ ಗುರಿಯಿಟ್ಟ ತನ್ನದೇ ತಂಡದ ಕೊಗಾಮಿಯ ಮೇಲೆ ಬಂದೂಕು ಹಾರಿಸುತ್ತಾಳೆ. ಸರಣಿಯ ತಿರುಳೆಲ್ಲ ಆ ಒಂದು ದೃಶ್ಯದಲ್ಲಿದೆ.

ಇದಕ್ಕೆ ಎದುರಾಗಿ ನಿಲ್ಲುವವನು ಖಳನಾಯಕ ಮಕಿಶಿಮಾ. ಏನು ಮಾಡಿದರೂ ಅವನ ಅಂಕೆ ಏರುವುದಿಲ್ಲ, ಬಂದೂಕು ಅವನನ್ನು ಅಪರಾಧಿಯೆಂದು ಒಪ್ಪುವುದಿಲ್ಲ. ಹೀಗಾಗಿಯೇ ಇಲ್ಲಿನ ಅತ್ಯುತ್ತಮ ಸಾಹಸದೃಶ್ಯಗಳು ಬರಿಗೈಯ ಹೊಡೆದಾಟಗಳು. ಯಂತ್ರ ಹಿಂದೆ ಸರಿದೊಡನೆ ಪ್ರತಿ ಏಟಿನ ಹೊಣೆಯೂ ಹೊಡೆದವನದೇ ಆಗುತ್ತದೆ. ಇನ್ನೊಂದು ಕಡೆ, ನಡುಬೀದಿಯಲ್ಲಿ ಒಬ್ಬ ಹೆಂಗಸನ್ನು ಸುತ್ತಿಗೆಯಿಂದ ಹೊಡೆದು ಕೊಲ್ಲುವಾಗ ಜನ ಸುಮ್ಮನೆ ನೋಡುತ್ತ ನಿಲ್ಲುತ್ತಾರೆ. ಅವರು ಕ್ರೂರಿಗಳೆಂದಲ್ಲ, ಯಂತ್ರ ಎಚ್ಚರಿಸದಿದ್ದ ಮೇಲೆ ಅದು ಕೊಲೆಯೆಂದು ಅವರಿಗೆ ಹೊಳೆಯುವುದೇ ಇಲ್ಲ. ಇಡೀ ಸರಣಿಯಲ್ಲಿ ನನ್ನನ್ನು ನಿಜಕ್ಕೂ ನಡುಗಿಸಿದ್ದು ಆ ನಿಶ್ಶಬ್ದ.

ಕೊರತೆಗಳೂ ಇವೆ. ಮಕಿಶಿಮಾ ಬಾಯಿ ತೆರೆದರೆ ಯಾವುದಾದರೂ ಗ್ರಂಥದ ಉಲ್ಲೇಖ ಬರುತ್ತದೆ. ಆರಂಭದಲ್ಲಿ ಮೋಹಕವೆನಿಸುವ ಈ ಚಾಳಿ ಕೊನೆಗೆ ಪಾಠದಂತಾಗುತ್ತದೆ. ಡಾಮಿನೇಟರ್‌ನ ಹೊಡೆತಕ್ಕೆ ದೇಹಗಳು ಸಿಡಿಯುವ ದೃಶ್ಯ ಮತ್ತೆ ಮತ್ತೆ ಬಂದು ಮೊದಲಿನ ಆಘಾತವನ್ನು ಕಳೆದುಕೊಂಡಿದೆ. ಹೆಣ್ಣುಮಕ್ಕಳ ಶವಗಳನ್ನು ಕಲಾಕೃತಿಗಳಂತೆ ತೋರಿಸುವ ಕಂತುಗಳಲ್ಲಿ ಖಂಡನೆ ಎಲ್ಲಿ ಮುಗಿದು ಚಪಲ ಎಲ್ಲಿ ಶುರುವಾಗುತ್ತದೆ ಎಂಬ ಗೆರೆ ಮಸುಕಾಗಿದೆ. 18ನೇ ಕಂತಿನ ಚಿತ್ರಣವಂತೂ ತೀರ ಸೊರಗಿದೆ. ಯುಗೊ ಕನ್ನೊ ಅವರ ಸಂಗೀತ ಮಾತ್ರ ಎಲ್ಲಿಯೂ ಕೈಕೊಡುವುದಿಲ್ಲ.

2014ರ ಎರಡನೆಯ ಸರಣಿ ಬೇರೆ ಬರಹಗಾರನ ಕೈಯದು. ಅದರ 11 ಕಂತುಗಳಲ್ಲಿ ರಕ್ತ ಹೆಚ್ಚಿದೆ, ವಿಚಾರ ತೆಳುವಾಗಿದೆ. ಮೊದಲ 22 ಕಂತುಗಳಿಗೇ ನೋಡುವುದನ್ನು ನಿಲ್ಲಿಸಿದರೂ ಕಥೆ ಅರ್ಧಕ್ಕೆ ಬಿಟ್ಟಂತಾಗುವುದಿಲ್ಲ.