ಟ್ರಿಮ್ಮರ್, ಸಿಎನ್‌ಸಿ ಅಂಗಡಿ, ಶೇಪರ್ ಒರಿಜಿನ್: ಮನೆಯ ಮರಗೆಲಸಕ್ಕೆ ಯಾವುದು?

ಮೊದಲೇ ಹೇಳಿಬಿಡುತ್ತೇನೆ. ಕೂರಿಸಿಬಿಟ್ಟ ಹೊಸ್ತಿಲು, ಹೊರಲಾಗದ ಊಟದ ಮೇಜು, ಇಂಥವುಗಳ ಮೇಲೆ ಕರಾರುವಾಕ್ಕಾದ ಕೆಲಸ ಆಗಬೇಕೆಂದರೆ ಕೈಯಲ್ಲಿ ಹಿಡಿದು ನಡೆಸುವ ಕಂಪ್ಯೂಟರ್ ಯಂತ್ರ ಶೇಪರ್ ಒರಿಜಿನ್‌ಗೆ ಸಾಟಿಯಿಲ್ಲ. ಉಳಿದ ಬಹುಪಾಲು ಕೆಲಸಕ್ಕೆ ಸಾದಾ ಟ್ರಿಮ್ಮರ್ (ಅಂಚು ತೀಡುವ, ಮರ ಕೊರೆಯುವ ಸಣ್ಣ ಕೈಯಂತ್ರ) ಸಾಕು. ದೇವರಮನೆ ಬಾಗಿಲಿನ ಉಬ್ಬುಚಿತ್ರಕ್ಕೆ, ಕಂಪ್ಯೂಟರೇ ನಡೆಸುವ ದೊಡ್ಡ ಕೊರೆಯುವ ಯಂತ್ರವಿರುವ ಸಿಎನ್‌ಸಿ ಅಂಗಡಿಗೇ ಹೋಗಬೇಕು. ದಾವಣಗೆರೆಯ ನಮ್ಮ ಮನೆ ಹಿಂದಿನ ಶೆಡ್ಡಿನಲ್ಲಿ ಕೆಲಸ ಮಾಡುತ್ತಾ, ಮೂರನ್ನೂ ಬಳಸಿ ನೋಡಿ ಈ ಮಾತು ಹೇಳುತ್ತಿದ್ದೇನೆ.

ಒರಿಜಿನ್ ನನ್ನದಲ್ಲ, ಅಮೆರಿಕದಿಂದ ವಾಪಸಾದ ಗೆಳೆಯನದು. ನೋಡಲು ದಪ್ಪನೆಯ ರೂಟರ್ (ಟ್ರಿಮ್ಮರ್‌ನ ದೊಡ್ಡಣ್ಣ), ಮೇಲೊಂದು ಟಚ್‌ಸ್ಕ್ರೀನ್, ಮುಂದೆ ಕ್ಯಾಮೆರಾ. ಮರದ ಮೇಲೆ ಡಾಮಿನೊ ಬಿಲ್ಲೆಗಳಂಥ ಕಪ್ಪು-ಬಿಳುಪು ಗುರುತಿರುವ ಟೇಪ್ ಅಂಟಿಸಬೇಕು. ಕ್ಯಾಮೆರಾ ಆ ಗುರುತುಗಳನ್ನು ಓದಿ ತಾನು ಎಲ್ಲಿದ್ದೇನೆಂದು ಲೆಕ್ಕ ಹಾಕುತ್ತದೆ. ನಾವು ಗೆರೆಯ ಆಸುಪಾಸಿನಲ್ಲಿ ತಳ್ಳುತ್ತಾ ಹೋದರೆ ಸಾಕು, ಬಿಟ್ (ತಿರುಗುತ್ತಾ ಕೊರೆಯುವ ಅಲಗು) ತಾನೇ ಅತ್ತಿತ್ತ ಸರಿದು ಗೆರೆಯ ಮೇಲೇ ಕೊರೆಯುತ್ತದೆ. ತೀರಾ ದೂರ ಹೋದರೆ ಬಿಟ್ ಮೇಲಕ್ಕೆದ್ದುಬಿಡುತ್ತದೆ, ಮರ ಕೆಡುವುದಿಲ್ಲ. ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದಲ್ಲಿ ಅಲೆಕ್ ರಿವರ್ಸ್, ಇಲಾನ್ ಮೋಯರ್, ಫ್ರೆಡೊ ಡ್ಯುರಾಂಡ್ ಈ ವಿಧಾನವನ್ನು 2012ರಲ್ಲಿ ಪ್ರಬಂಧವಾಗಿ ಮಂಡಿಸಿದ್ದರು. ಆ ಕೆಲಸವೇ ಮುಂದೆ ಶೇಪರ್ ಕಂಪನಿಯಾಯಿತು. 2019ರಲ್ಲಿ ಅದು ಜರ್ಮನಿಯ ಉಪಕರಣ ಕಂಪನಿ ಫೆಸ್ಟೂಲ್‌ನ ಮಾತೃಸಂಸ್ಥೆಯ ಕೈಸೇರಿತು.

ಮೊದಲ ಪರೀಕ್ಷೆ ಹೊನ್ನೆ ಹಲಗೆಯ ಮೇಲೆ ‘ಕೃಷ್ಣಕೃಪೆ’ ಎಂಬ ಮನೆಹೆಸರು. ಬೇಕೆಂದೇ ಆರಿಸಿದ ಹೆಸರು: ಎರಡು ವಟ್ರಸುಳಿ, ಒಂದು ಣ-ಒತ್ತು. ಟ್ರಿಮ್ಮರ್‌ನಲ್ಲಿ ಇದಕ್ಕೆ ಟೆಂಪ್ಲೇಟ್ (ಮಾದರಿ ಹಲಗೆ) ಮಾಡುವುದು ಸಾಧ್ಯವಿಲ್ಲವೆಂದಲ್ಲ, ಆದರೆ ಒಂದೇ ಫಲಕಕ್ಕಾಗಿ ಅಷ್ಟು ಕಷ್ಟ ಯಾರೂ ಪಡುವುದಿಲ್ಲ. ಪೆನ್ಸಿಲ್ ಗೆರೆ ನೋಡಿಕೊಂಡು ಕೈಯಲ್ಲೇ ಕೊರೆದರೆ ದೊಡ್ಡ ಅಕ್ಷರಗಳು ಚೆನ್ನಾಗಿಯೇ ಬರುತ್ತವೆ. ಒತ್ತಕ್ಷರದ ಹತ್ತಿರ ಮಾತ್ರ ಮರದ ಎಳೆ ಬಿಟ್ಟನ್ನು ತನ್ನ ಕಡೆಗೆ ಎಳೆದುಕೊಳ್ಳುತ್ತದೆ.

ಸಿಎನ್‌ಸಿ ಅಂಗಡಿಯಲ್ಲಿ ನನ್ನ ಫೈಲ್ ತೆರೆದಾಗ ಅಕ್ಷರಗಳ ಜಾಗದಲ್ಲಿ ಬರೀ ಚಿಹ್ನೆಗಳು. ಅಲ್ಲಿ ನನ್ನ ಫಾಂಟ್ ಇರಲಿಲ್ಲ, “ಕರ್ವ್ ಮಾಡಿಕೊಂಡು ಬನ್ನಿ ಸರ್” ಎಂದರು, ಅಂದರೆ ಅಕ್ಷರಗಳನ್ನು ಗೆರೆಗಳಾಗಿ ಬದಲಿಸಿಕೊಂಡು. ಇದು ಒರಿಜಿನ್‌ಗೂ ಅನ್ವಯಿಸುತ್ತದೆ. ಅದು ಓದುವುದು ಎಸ್‌ವಿಜಿ ಎಂಬ ರೇಖಾಚಿತ್ರದ ಫೈಲ್, ಅದರಲ್ಲಿ ಅಕ್ಷರಗಳು ಗೆರೆಗಳಾಗಿರಬೇಕು. ಇಂಕ್‌ಸ್ಕೇಪ್ ಎಂಬ ಚಿತ್ರ ಬಿಡಿಸುವ ತಂತ್ರಾಂಶದಲ್ಲಿ ಅಕ್ಷರವನ್ನು ಪಾತ್ (ಗೆರೆ) ಮಾಡಿದರಷ್ಟೇ ಸಾಲದು. ಕನ್ನಡದಲ್ಲಿ ಒತ್ತು, ಗುಣಿತದ ಚಿಹ್ನೆ ಬೇರೆ ಬೇರೆ ತುಂಡುಗಳಾಗಿ ಮೂಲಾಕ್ಷರದ ಮೇಲೆ ಏರಿ ಕೂತಿರುತ್ತವೆ. ಅದೇ ತಂತ್ರಾಂಶದ ‘ಯೂನಿಯನ್’ ಆಜ್ಞೆ ಕೊಟ್ಟು ಒಂದು ಮಾಡದಿದ್ದರೆ ಷ ಮತ್ತು ಅದರ ಒತ್ತು ಕೂಡುವಲ್ಲಿ ಯಂತ್ರ ಎರಡು ಗೆರೆಗಳನ್ನೂ ಕತ್ತರಿಸುತ್ತದೆ. ಈ ಸಿದ್ಧತೆ ಆದ ಮೇಲೆ ಒರಿಜಿನ್‌ನ 3 ಮಿ.ಮೀ. ಬಿಟ್‌ನಲ್ಲಿ ವಟ್ರಸುಳಿಯ ತಿರುವು ಎಷ್ಟು ನುಣುಪಾಗಿ ಬಂತೆಂದರೆ ಮರಳುಕಾಗದ ಹೆಚ್ಚು ಬೇಕಾಗಲಿಲ್ಲ. ನಮ್ಮ ದುಂಡು ಲಿಪಿಗೆ ರೂಟರ್ ಬಿಟ್ ಹೇಳಿ ಮಾಡಿಸಿದ್ದು. ತಲೆಕಟ್ಟು ಸೇರುವ ಚೂಪು ಮೂಲೆಯನ್ನು ಮಾತ್ರ ಉಳಿಯಿಂದಲೇ ತೀಡಬೇಕು.

ಒಂದು ಎಚ್ಚರಿಕೆ. ಕ್ಯಾಮೆರಾ ನೋಡುವುದು ಮುಂದಕ್ಕೆ, ಆದ್ದರಿಂದ ಟೇಪ್ ಬಿಟ್‌ಗಿಂತ ಮುಂದಿರಬೇಕು. ಯಂತ್ರದ ತಳಕ್ಕೂ ಜಾಗ ಬೇಕು. ಸಣ್ಣ ಫಲಕವಾದರೆ ದೊಡ್ಡ ಹಲಗೆಯಲ್ಲೇ ಅಕ್ಷರ ಕೊರೆದು ಆಮೇಲೆ ಗಾತ್ರಕ್ಕೆ ಕತ್ತರಿಸಿಕೊಳ್ಳುವುದು ಸುಲಭ.

ಇನ್ನು ಹೊಸ್ತಿಲು. ಹಳೆಯ ಮತ್ತಿ ಮರದ ಹೊಸ್ತಿಲಿನ ನಡುವೆ ಎಂಟೆಸಳಿನ ತಾವರೆ ಬೇಕೆಂಬುದು ಅಮ್ಮನ ಆಸೆ. ಅದನ್ನು ಕಿತ್ತು ಅಂಗಡಿಗೆ ಒಯ್ಯುವ ಮಾತೇ ಇಲ್ಲ. ಹೊಸ್ತಿಲಿನ ಎರಡೂ ಬದಿಗೆ ಅದೇ ಎತ್ತರಕ್ಕೆ ಪ್ಲೈ ಹಲಗೆ ಕೊಟ್ಟು, ಅಲುಗಾಡದಂತೆ ಬಿಗಿ ಮಾಡಿ, ಅವುಗಳ ಮೇಲೂ ಟೇಪ್ ಹಚ್ಚಿದೆವು. ತಿರುಗದೆ ನಿಂತ ಬಿಟ್ಟನ್ನು ಹೊಸ್ತಿಲಿನ ಅಂಚಿಗೆ ತಾಗಿಸಿ ಅಳತೆ ಕೊಟ್ಟರೆ ಯಂತ್ರಕ್ಕೆ ಅಳತೆಯ ಚೌಕಳಿ (ಗ್ರಿಡ್) ಸಿಗುತ್ತದೆ, ತಾವರೆಯನ್ನು ಸರಿಯಾಗಿ ನಡುವಿಗೆ ಕೂರಿಸಬಹುದು. ಮೊದಲ ಸುತ್ತಿನಲ್ಲಿ ಗೆರೆಯಿಂದ ಕೂದಲೆಳೆಯಷ್ಟು ಬಿಟ್ಟು ಕೊರೆದು, ಕೊನೆಯ ಸುತ್ತಿನಲ್ಲಿ ಗೆರೆಗೆ ತಂದೆವು. ಮತ್ತಿ ಗಟ್ಟಿ ಮರ, ಅವಸರ ಮಾಡಿದರೆ ಸುಟ್ಟ ಕಲೆ ಬೀಳುತ್ತದೆ. ನಡುವೆ ಕರೆಂಟ್ ಹೋಯಿತು. ಟೇಪ್ ಕಿತ್ತಿರಲಿಲ್ಲವಾದ್ದರಿಂದ, ಯಂತ್ರದಲ್ಲಿ ಉಳಿದುಕೊಂಡಿದ್ದ ವರ್ಕ್‌ಸ್ಪೇಸ್ (ಟೇಪಿನ ನಕ್ಷೆ) ತೆರೆದು ಬಿಟ್ಟಲ್ಲಿಂದಲೇ ಮುಂದುವರಿಸಿದೆವು. ಅಂಥ ಕೆಲಸ ಅಲ್ಲೇ, ಮನೆಯ ಬಾಗಿಲಲ್ಲೇ ಆಗುವುದನ್ನು ನೋಡುವುದು ನಿಜಕ್ಕೂ ಸಂತೋಷ.

ಪಕ್ಕದಲ್ಲಿ ಕೂತು ನೋಡುತ್ತಿದ್ದ ಆಚಾರ್ರು ಒಂದೇ ಪ್ರಶ್ನೆ ಕೇಳಿದರು: “ಕಟ್ಟಿಗಿ ಎಳೆ ಕೈಗೆ ಗೊತ್ತಾಗ್ತೈತೇನ್ರಿ ಇದ್ರಾಗ?” ಗೊತ್ತಾಗುವುದು ಕಡಿಮೆ. ಕಣ್ಣು ಪರದೆಯ ಮೇಲಿರುತ್ತದೆ, ಮರದ ಮೇಲಲ್ಲ. ಟ್ರಿಮ್ಮರ್‌ನಲ್ಲಿ ಸದ್ದು ಬದಲಾದ ಕೂಡಲೇ ಕೈ ನಿಧಾನವಾಗುತ್ತದೆ. ಆ ಅಭ್ಯಾಸ ಇಲ್ಲದವರು ಒರಿಜಿನ್‌ನಿಂದಲೇ ಕಲಿಕೆ ಶುರು ಮಾಡುವುದು ನನಗೆ ಒಪ್ಪಿಗೆಯಿಲ್ಲ.

ಒಂದೇ ಆಕಾರ ಹತ್ತು ಸಲ ಬೇಕೆಂದರೆ, ಉದಾಹರಣೆಗೆ ಊಟದ ಮಣೆಗಳ ಕಾಲು, ಟ್ರಿಮ್ಮರ್ ಮುಂದೆ ಒರಿಜಿನ್ ನಿಲ್ಲುವುದಿಲ್ಲ. ಜಿಗ್‌ಸಾದಲ್ಲಿ ಎಂಡಿಎಫ್ ಟೆಂಪ್ಲೇಟ್ ಕತ್ತರಿಸಿ ಅರ ಹಾಕಿ ನಯ ಮಾಡಿ, ಅದರ ಅಂಚಿಗೆ ಒರಗಿ ಸಾಗುವ ಬೇರಿಂಗ್ ಬಿಟ್ ಹಚ್ಚಿದರೆ ಒಂದರ ಹಿಂದೊಂದು ಬರುತ್ತಲೇ ಇರುತ್ತವೆ. ಮಕೀಟಾ 3709 ಥರದ 530 ವ್ಯಾಟ್ ಟ್ರಿಮ್ಮರ್ ನಿಮಿಷಕ್ಕೆ 30,000 ಸುತ್ತು ತಿರುಗುತ್ತದೆ, ಈ ಕೆಲಸಕ್ಕೆ ಧಾರಾಳ. ನನಗೆ ಹೆಚ್ಚು ತೃಪ್ತಿ ಕೊಟ್ಟದ್ದು ಎರಡನ್ನೂ ಸೇರಿಸಿದ್ದು: ಒರಿಜಿನ್‌ನಲ್ಲಿ ಒಂದು ಪಕ್ಕಾ ಟೆಂಪ್ಲೇಟ್, ಆಮೇಲೆ ಎಲ್ಲವೂ ಟ್ರಿಮ್ಮರ್‌ನಲ್ಲಿ.

ಸಿಎನ್‌ಸಿ ಅಂಗಡಿಯ ಬಲ ಬೇರೆ. ಅವರ ‘1325’ ಯಂತ್ರವೆಂದರೆ 1300×2500 ಮಿ.ಮೀ. ಮೇಜು, ಎಂಟು-ನಾಲ್ಕು ಅಡಿಯ ಇಡೀ ಶೀಟ್ ಮಲಗುತ್ತದೆ. ಜಾಲಿ ಕಟಿಂಗ್, ಬಾಗಿಲ ಮೇಲಿನ ಲಕ್ಷ್ಮಿಯ ಉಬ್ಬುಚಿತ್ರ ಅಲ್ಲಿಯೇ ಆಗಬೇಕು. ಏರಿಳಿತದ ಅಂಥ ಕೆತ್ತನೆ ಒರಿಜಿನ್‌ನ ಕೆಲಸವಲ್ಲ. ಆದರೆ ನನ್ನ ಒಂದು ಫಲಕ ದೊಡ್ಡ ಆರ್ಡರ್‌ಗಳ ಹಿಂದೆ ಕಾದು ಕೂರಬೇಕಾಯಿತು.

ಬೆಲೆಯ ಮಾತು: ಟ್ರಿಮ್ಮರ್ ಸಾವಿರಗಳಲ್ಲಿ, ಒರಿಜಿನ್ ಲಕ್ಷಗಳಲ್ಲಿ. ಟೇಪ್ ಪ್ರತಿ ಕೆಲಸಕ್ಕೂ ಖರ್ಚಾಗುತ್ತದೆ, ಹೊರಗಿನಿಂದ ತರಿಸಬೇಕು. ಪುಡಿ ಕೂತರೆ ಕ್ಯಾಮೆರಾಗೆ ಟೇಪ್ ಕಾಣದು, ಹಾಗಾಗಿ ವ್ಯಾಕ್ಯೂಮ್ ಕೂಡ ಬೇಕೇ ಬೇಕು. ಒಬ್ಬರೇ ಕೊಳ್ಳುವುದಕ್ಕಿಂತ ನಾಲ್ಕು ಜನ ಹವ್ಯಾಸಿಗಳು ಸೇರಿ ಕೊಳ್ಳುವುದು ಸರಿ ಎನ್ನುತ್ತೇನೆ, ನಾವೂ ಅದನ್ನೇ ಮಾತಾಡುತ್ತಿದ್ದೇವೆ. ವಿದೇಶದಿಂದ ಯಾರಾದರೂ ತಂದುಕೊಡುವುದಾದರೆ ಯುರೋಪಿನ 230 ವೋಲ್ಟ್ ಮಾದರಿ ಕೇಳಿ. ಗೆಳೆಯನದು ಅಮೆರಿಕದ 120 ವೋಲ್ಟಿನದು, ಎಲ್ಲಿಗೆ ಒಯ್ದರೂ ಜೊತೆಗೊಂದು ಭಾರದ ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಹೊರಬೇಕು.